ಮೀನಖಂಡ, ಹೊಗೆಸೊಪ್ಪು ಮತ್ತು ಅಪ್ಪನ ಮಂಡಿ

ಕಾಲಿನ ಹಿಂಭಾಗದಲ್ಲಿ, ಮಂಡಿಯಿಂದ ಕೆಳಗೆ ಉಬ್ಬಿಕೊಂಡಿರುವ ಮಾಂಸಕ್ಕೆ ಕನ್ನಡದಲ್ಲಿ ಮೀನಖಂಡ ಅಂತಾರೆ. ಎಂಥ ಒಳ್ಳೇ ಹೆಸರು ನೋಡಿ. ತುದಿಗಾಲಲ್ಲಿ ನಿಂತು ಮುಟ್ಟಿ ನೋಡಿಕೊಂಡರೆ ಕೆರೆ ಮೀನೊಂದು ಚರ್ಮದ ಕೆಳಗೆ ಮೈ ಬಿಗಿ ಹಿಡಿದು ಮಲಗಿದ ಹಾಗೇ ಇರುತ್ತೆ. ರೋಮನ್ನರಿಗೆ ಇದೇ ಮಾಂಸದ ಉಬ್ಬು ಇಲಿಯ ಹಾಗೆ ಕಂಡಿತ್ತಂತೆ. ಇಂಗ್ಲಿಷಿನ 'ಮಸಲ್' ಪದ ಬಂದಿರುವುದೇ 'ಪುಟ್ಟ ಇಲಿ' ಅನ್ನುವ ಲ್ಯಾಟಿನ್ ಪದದಿಂದ. ಅವರಿಗೆ ಇಲಿ, ನಮಗೆ ಮೀನು. ನನ್ನ ಓಟು ಮೀನಿಗೇ :-)

ತಮಾಷೆ ಏನಂದ್ರೆ ಈ ಮೀನಿನ ಹೊಟ್ಟೆಯೊಳಗೆ ಇನ್ನೊಂದು ಮೀನಿದೆ. ಮೇಲೆ ಕಾಣುವ ಸ್ನಾಯುವಿನ ಅಡಿಯಲ್ಲಿ ಚಪ್ಪಟೆಯಾದ, ಅಗಲವಾದ ಮತ್ತೊಂದು ಸ್ನಾಯು ಇದೆ, ಹೆಸರು ಸೋಲಿಯಸ್. ಆ ಲ್ಯಾಟಿನ್ ಪದಕ್ಕೆ ಚಪ್ಪಲಿ ಅಂತಲೂ, ಅದೇ ಆಕಾರದ ಒಂದು ಚಪ್ಪಟೆ ಮೀನು ಅಂತಲೂ ಅರ್ಥ. ನಾವು ಬೀಳದೆ ನಿಂತುಕೊಂಡಿರುವುದರಲ್ಲಿ ಈ ಒಳಗಿನ ಮೀನಿನ ಪಾಲು ದೊಡ್ಡದು. ನಡೆಯುವಾಗ, ಬಸ್ ಸ್ಟ್ಯಾಂಡಿನಲ್ಲಿ ಗಂಟೆಗಟ್ಟಲೆ ಕಾಯುವಾಗ, ಸದ್ದಿಲ್ಲದೆ ದುಡಿಯುತ್ತಿರುತ್ತೆ. ಹೊರಗೆ ಕಾಣುವುದೇ ಇಲ್ಲ.

ನಾನು ಡಾಕ್ಟರಲ್ಲ. ದಿನಾ ಕಂಪ್ಯೂಟರ್ ಮುಂದೆ ಕೂತು ಸೊಂಟ ಹಾಳು ಮಾಡಿಕೊಳ್ಳುವ ಜಾತಿ. ಆದರೂ ಈ ವಿಷಯದ ಹಿಂದೆ ಬೀಳುವ ಹಾಗೆ ಮಾಡಿದ್ದು ಅಪ್ಪನ ಬಲಗಾಲಿನ ಮಂಡಿ.

ನಮ್ಮದು ಪಿರಿಯಾಪಟ್ಟಣ ತಾಲ್ಲೂಕಿನ ಒಂದು ಹಳ್ಳಿ. ಪಿರಿಯಾಪಟ್ಟಣ, ಹುಣಸೂರು, ಎಚ್.ಡಿ. ಕೋಟೆ ಕಡೆಯವರಿಗೆ ಹೊಗೆಸೊಪ್ಪು ಅಂದರೆ ಏನು ಅಂತ ಹೇಳಬೇಕಾಗಿಲ್ಲ. ಬೇರೆಯವರಿಗೆ ಸ್ವಲ್ಪ ಹೇಳ್ತೀನಿ. ಎಲೆ ಕಿತ್ತು ತಂದು, ಉದ್ದನೆ ಕಡ್ಡಿಗಳಿಗೆ ಸಾಲಾಗಿ ಕಟ್ಟಿ, ಆ ಕಡ್ಡಿಗಳನ್ನು ಬ್ಯಾರನ್ ಒಳಗೆ ನೇತುಹಾಕಿ, ಕೆಳಗಿನಿಂದ ಸೌದೆ ಉರಿ ಕೊಟ್ಟು ದಿನಗಟ್ಟಲೆ ಹದ ಮಾಡಬೇಕು. ಬ್ಯಾರನ್ ಅಂದ್ರೆ ಕಿಟಕಿಯಿಲ್ಲದ ಎತ್ತರದ ಮನೆ. ಒಳಗೆ ಅಡ್ಡಡ್ಡ ತೊಲೆಗಳು, ಅಂತಸ್ತಿನ ಮೇಲೆ ಅಂತಸ್ತು. ಏಣಿ ಗೀಣಿ ಏನಿಲ್ಲ. ಎರಡು ತೊಲೆಗಳ ಮೇಲೆ ಒಂದೊಂದು ಕಾಲಿಟ್ಟು, ಕಾಲು ಅಗಲಿಸಿ ನಿಂತು, ಕೆಳಗಿನವನು ಕೊಟ್ಟ ಹಸಿ ಎಲೆಯ ಕಡ್ಡಿಯನ್ನು ಬಗ್ಗಿ ತಗೊಂಡು ತಲೆ ಮೇಲಿನವನಿಗೆ ಕೊಡಬೇಕು. ಒಂದು ಬ್ಯಾರನ್ ತುಂಬುವಷ್ಟರಲ್ಲಿ ಈ ಬಗ್ಗೋದು ಏಳೋದು ಎಷ್ಟು ಸಲ ಅಂತ ಯಾರೂ ಲೆಕ್ಕ ಇಡಲ್ಲ.

2022ರ ಆಗಸ್ಟಿನಲ್ಲಿ ಅಪ್ಪ ಅಲ್ಲಿಂದ ಬಿದ್ದ. ತುಂಬಾ ಎತ್ತರದಿಂದಲ್ಲ, ಎರಡನೇ ತೊಲೆಯಿಂದ. ಆದರೆ ಬಿದ್ದದ್ದು ನೇರ ಮಂಡಿಯ ಮೇಲೆ. ಮಂಡಿಚಿಪ್ಪು ಬಿರುಕು ಬಿಟ್ಟಿತ್ತು. ತುಂಡುಗಳು ಬೇರ್ಪಟ್ಟಿರಲಿಲ್ಲವಾದ್ದರಿಂದ ಆಪರೇಶನ್ ಬೇಡ, ಪ್ಲಾಸ್ಟರ್ ಸಾಕು ಅಂದರು. ತೊಡೆಯಿಂದ ಕಣಕಾಲಿನ ತನಕ, ಕಾಲು ನೇರಕ್ಕೆ ಚಾಚಿ, ಆರು ವಾರ.

ಆರು ವಾರ ಆದಮೇಲೆ ಪ್ಲಾಸ್ಟರ್ ಕತ್ತರಿಸಿ ತೆಗೆದಾಗ ಒಳಗಿದ್ದ ಕಾಲು ಅಪ್ಪನದ್ದು ಅಂತ ನನಗೆ ಅನ್ನಿಸಲಿಲ್ಲ. ತೊಡೆ ಸೊರಗಿ ಹೋಗಿತ್ತು. ಫಿಸಿಯೋಥೆರಪಿ ಹೇಳಿಕೊಟ್ಟ ಮೇಡಂ ಟೇಪು ಹಿಡಿದು ಅಳತೆ ಮಾಡಿದರು. ಎಡತೊಡೆಗಿಂತ ಬಲತೊಡೆಯ ಸುತ್ತಳತೆ ನಾಲ್ಕು ಸೆಂಟಿಮೀಟರ್ ಕಡಿಮೆ. ಅದಕ್ಕಿಂತ ಕಷ್ಟದ್ದು ಇನ್ನೊಂದು. ಮಂಡಿ ನಲವತ್ತು ಡಿಗ್ರಿಗಿಂತ ಹೆಚ್ಚು ಬಗ್ಗುತ್ತಲೇ ಇರಲಿಲ್ಲ. ಕುರ್ಚಿ ಮೇಲೆ ಕೂತರೆ ಕಾಲು ಮುಂದಕ್ಕೆ ಚಾಚಿಕೊಂಡೇ ಇರೋದು. ನೆಲದ ಮೇಲೆ ಊಟಕ್ಕೆ ಕೂರುವ ಹಾಗಿಲ್ಲ. ಬೆಳಿಗ್ಗೆಯ ಕೆಲಸಕ್ಕೆ ಕುಕ್ಕರಗಾಲಲ್ಲಿ ಕೂರುವ ಹಾಗಿಲ್ಲ. ಬ್ಯಾರನ್ ಹತ್ತುವ ಮಾತು ಬಿಡಿ.

"ನರ ಹಿಡ್ಕಂಡದೆ ಕನಪ್ಪ, ಎಣ್ಣೆ ಹಾಕಿ ನೀವುದ್ರೆ ಬುಟ್ಕತ್ತದೆ" ಅಂತ ಊರವರು. ನಮ್ಮ ಕಡೆ ಸ್ನಾಯು, ಸ್ನಾಯುವಿನ ತುದಿಯ ಬಿಳಿ ಹುರಿ, ರಕ್ತನಾಳ, ನಿಜವಾದ ನರ ಎಲ್ಲವೂ 'ನರ'ವೇ. ಎಣ್ಣೆ ನೀವಿದ್ದೂ ಆಯಿತು. ನರ ಬಿಡಲಿಲ್ಲ.

ಮೇಡಂ ತಾಳ್ಮೆಯವರು. ನಾನು ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟು, ಕೊನೆಗೆ "ಸ್ನಾಯುವಿನ ಆರ್ಕಿಟೆಕ್ಚರ್ ಅಂತ ಹುಡುಕಿ ಓದಿ, ನಿಮಗೆ ಇಷ್ಟ ಆಗುತ್ತೆ" ಅಂದರು. ನನ್ನ ಕಾಟ ತಪ್ಪಲಿ ಅಂತಲೂ ಇರಬಹುದು. ಓದಿದೆ. ಈಗ ನಿಮಗೆ ಕೊರೆಯುತ್ತಿದ್ದೇನೆ.

ಸ್ನಾಯು ಅನ್ನೋದು ಎಳೆಗಳ ಕಟ್ಟು. ಆ ಎಳೆಗಳು ಎಳೆಯಬಲ್ಲವೇ ಹೊರತು ತಳ್ಳಲಾರವು. ಇಷ್ಟು ಶಾಲೆಯಲ್ಲಿ ಓದಿದ್ದೆವು. ಶಾಲೆಯಲ್ಲಿ ಹೇಳದೇ ಬಿಟ್ಟದ್ದು, ಆ ಎಳೆಗಳನ್ನು ಹೇಗೆ ಜೋಡಿಸಿದ್ದಾರೆ ಅನ್ನುವುದರ ಮೇಲೆ ಆ ಸ್ನಾಯುವಿನ ಹಣೆಬರಹ ನಿಂತಿದೆ ಅನ್ನುವುದು. ರಬ್ಬರ್ ಬ್ಯಾಂಡ್ ತಗೊಳ್ಳಿ. ಹತ್ತನ್ನು ಪಕ್ಕಪಕ್ಕ ಇಟ್ಟು ಎಳೆದರೆ ಹತ್ತು ಪಟ್ಟು ಬಿಗಿ, ಆದರೆ ಹಿಗ್ಗುವುದು ಒಂದು ಬ್ಯಾಂಡಿನಷ್ಟೇ. ಅದೇ ಹತ್ತನ್ನು ಒಂದರ ತುದಿಗೊಂದು ಗಂಟು ಹಾಕಿದರೆ ಬಿಗಿ ಒಂದರಷ್ಟೇ, ಹಿಗ್ಗುವುದು ಮಾತ್ರ ಹತ್ತು ಪಟ್ಟು. ಅಷ್ಟೇ ರಬ್ಬರು, ಎರಡು ಬೇರೆ ಬೇರೆ ಕೆಲಸ. ಸ್ನಾಯುವಿನಲ್ಲೂ ಹೀಗೇ. ಅಕ್ಕಪಕ್ಕ ಎಷ್ಟು ಎಳೆ ಇವೆ ಅನ್ನುವುದು ಬಲ. ಎಳೆ ಎಷ್ಟು ಉದ್ದ ಇದೆ ಅನ್ನುವುದು ಚಲನೆ, ವೇಗ ಕೂಡ.

ನಮ್ಮ ತೊಡೆಯ ಮೇಲೆ ಓರೆಯಾಗಿ, ಸೊಂಟದ ಹೊರಮೂಲೆಯಿಂದ ಮಂಡಿಯ ಒಳಪಕ್ಕಕ್ಕೆ ಹರಿಯುವ ಒಂದು ಉದ್ದನೆ ಪಟ್ಟಿ ಇದೆ. ಸಾರ್ಟೋರಿಯಸ್, ಅಂದರೆ 'ದರ್ಜಿ ಸ್ನಾಯು'. ಹಳೇ ಕಾಲದ ದರ್ಜಿಗಳು ಚಕ್ಕಂಬಕ್ಕಳ ಹಾಕಿ ಕೂರುತ್ತಿದ್ದರಲ್ಲ, ಆ ಭಂಗಿಗೆ ಕಾಲು ಮಡಚುವುದು ಇದರ ಕೆಲಸ, ಅದಕ್ಕೆ ಈ ಹೆಸರು. ಇದರ ಎಳೆಕಟ್ಟುಗಳು ಸುಮಾರು 40 ಸೆಂಟಿಮೀಟರ್ ಉದ್ದ, ಒಂದಕ್ಕೊಂದು ಸಮಾನಾಂತರ. ಮೈಯಲ್ಲೇ ಅತಿ ಉದ್ದದ ಸ್ನಾಯು. ಆದರೆ ಎಳೆಗಳಿಗೆ ಅಡ್ಡಲಾಗಿ ಕೊಯ್ದರೆ ಸಿಗುವ ವಿಸ್ತೀರ್ಣ ಬರೀ 2 ಚದರ ಸೆಂಟಿಮೀಟರ್ ಆಸುಪಾಸು. ಒಂದು ಚದರ ಸೆಂಟಿಮೀಟರ್ ಸ್ನಾಯು ಸುಮಾರು ಎರಡರಿಂದ ಮೂರು ಕೆಜಿ ತೂಕದಷ್ಟು ಎಳೆಯಬಲ್ಲದು. ಅಂದರೆ ದರ್ಜಿಯ ಬಲ ಒಂದು ಐದು ಕೆಜಿ.

ಈಗ ಮೀನಿನೊಳಗಿನ ಮೀನು ಸೋಲಿಯಸ್ ನೋಡಿ. ತೂಕದಲ್ಲಿ ದರ್ಜಿಯ ಮೂರೂವರೆ ಪಟ್ಟು ಇರಬಹುದು ಅಷ್ಟೇ. ಆದರೆ ಅದರ ಎಳೆಗಳು ನಾಲ್ಕೈದು ಸೆಂಟಿಮೀಟರಿನ ಗಿಡ್ಡ ಎಳೆಗಳು, ಓರೆಯಾಗಿ ಒತ್ತೊತ್ತಾಗಿ ತುಂಬಿಕೊಂಡಿವೆ. ಅಡ್ಡ ವಿಸ್ತೀರ್ಣ 50 ಚದರ ಸೆಂಟಿಮೀಟರ್ ಮುಟ್ಟುತ್ತೆ. ಬಲ ನೂರು ಕೆಜಿಯ ಹತ್ತಿರ ಹತ್ತಿರ! ಮೂರೂವರೆ ಪಟ್ಟು ಮಾಂಸಕ್ಕೆ ಇಪ್ಪತ್ತಕ್ಕೂ ಹೆಚ್ಚು ಪಟ್ಟು ಬಲ. ಮ್ಯಾಜಿಕ್ ಏನಿಲ್ಲ, ಜೋಡಣೆ.

ಈ ಓರೆ ಜೋಡಣೆ ಹೇಗಿರುತ್ತೆ ಅಂತ ಪುಸ್ತಕಗಳು ಹಕ್ಕಿಯ ಗರಿಗೆ ಹೋಲಿಸುತ್ತವೆ. ನಡುವೆ ಒಂದು ದಂಟು, ಎರಡೂ ಪಕ್ಕದಿಂದ ಎಳೆಗಳು ಬಂದು ಅದಕ್ಕೆ ಅಂಟಿಕೊಳ್ಳುತ್ತವೆ. ನನಗೆ ಅದನ್ನು ಓದಿದ ಕೂಡಲೇ ಗರಿ ನೆನಪಾಗಲಿಲ್ಲ. ಹೊಗೆಸೊಪ್ಪಿನ ಎಲೆ ನೆನಪಾಯಿತು. ನಡುವೆ ದಪ್ಪ ದಂಟು, ಎರಡು ಕಡೆಗೂ ಓರೆಯಾಗಿ ಹೊರಟ ನರಗಳು. ತೊಡೆಯ ಮುಂಭಾಗದ ನಾಲ್ಕು ಸ್ನಾಯುಗಳ ಗುಂಪಿನಲ್ಲಿ (ಕ್ವಾಡ್ರಿಸೆಪ್ಸ್) ನಡುವಿನದ್ದು ಥೇಟ್ ಇದೇ ಎಲೆ. ಭುಜದ ಮೇಲಿನ ಡೆಲ್ಟಾಯ್ಡ್‌ನ ನಡುಭಾಗದಲ್ಲಿ ಇಂಥ ಹಲವು ಎಲೆಗಳನ್ನು ಪಕ್ಕಪಕ್ಕ ಹೊಲಿದಿಟ್ಟಂತಿದೆ. ನಂಬಿಕೆ ಬರದಿದ್ದರೆ ಈ ಭಾನುವಾರ ನಾಟಿಕೋಳಿ ಕಾಲನ್ನು ತಿನ್ನುವ ಮೊದಲು ಬಿಡಿಸಿ ನೋಡಿ (ಸಸ್ಯಾಹಾರಿ ಮಿತ್ರರು ಕ್ಷಮಿಸಬೇಕು). ಕೆಳತುದಿಯಲ್ಲಿ ಹಲ್ಲಿಗೆ ಸಿಗುವ ಬಿಳಿ ಹುರಿಗಳಿವೆಯಲ್ಲ, ಅವೇ ದಂಟುಗಳು. ಎಳೆಗಳು ಅವಕ್ಕೆ ಓರೆಯಾಗಿ ಬಂದು ಸೇರಿರುವುದು ಕಣ್ಣಿಗೇ ಕಾಣುತ್ತೆ.

ಓರೆಯಾಗಿ ಎಳೆದರೆ ಬಲ ಸ್ವಲ್ಪ ಪೋಲಾಗುವುದಿಲ್ಲವಾ ಅಂತ ನೀವು ಕೇಳಬಹುದು. ಆಗುತ್ತೆ. ತೇರಿನ ಹಗ್ಗವನ್ನು ಪಕ್ಕಕ್ಕೆ ಎಳೆದ ಹಾಗೆ. ಆದರೆ ಲೆಕ್ಕ ಹಾಕಿದರೆ 20 ಡಿಗ್ರಿ ಓರೆಗೆ ನಷ್ಟ ನೂರಕ್ಕೆ ಆರು, 30 ಡಿಗ್ರಿಗೆ ಹದಿಮೂರು. ಆ ಓರೆಯಿಂದಾಗಿ ಅದೇ ಜಾಗದಲ್ಲಿ ತುರುಕಲು ಸಿಗುವ ಹೆಚ್ಚಿನ ಎಳೆಗಳ ಲಾಭದ ಮುಂದೆ ಈ ನಷ್ಟ ಏನೂ ಅಲ್ಲ. ಅದೂ ಅಲ್ಲದೆ ಓರೆ ಎಳೆಗಳು ಕುಗ್ಗುವಾಗ ತಿರುಗುತ್ತವೆ ಕೂಡ. ಅದರಿಂದ ಎಳೆ ಕುಗ್ಗಿದ್ದಕ್ಕಿಂತ ಜಾಸ್ತಿ ದೂರ ಇಡೀ ಸ್ನಾಯು ಸರಿಯುತ್ತೆ. 2008ರಲ್ಲಿ ಟರ್ಕಿ ಕೋಳಿಗಳ ಮೀನಖಂಡವನ್ನು ಅಳೆದು ನೋಡಿದವರಿಗೆ ಒಂದು ಚಂದದ ಸಂಗತಿ ಗೊತ್ತಾಯಿತು. ಭಾರ ಕಡಿಮೆ ಇದ್ದಾಗ ಎಳೆಗಳು ಹೆಚ್ಚು ತಿರುಗುತ್ತವೆ, ವೇಗ ಸಿಗುತ್ತೆ. ಭಾರ ಹೆಚ್ಚಿದ್ದಾಗ ಕಡಿಮೆ ತಿರುಗುತ್ತವೆ, ಬಲ ಸಿಗುತ್ತೆ. ಸೈಕಲ್ಲಿನ ಗೇರು ಇದ್ದಂತೆ, ಆದರೆ ಯಾರೂ ಬದಲಾಯಿಸಬೇಕಿಲ್ಲ. ಮಾಂಸವೇ ಬದಲಾಯಿಸಿಕೊಳ್ಳುತ್ತೆ!

ಚುಂಚನಕಟ್ಟೆ ಜಾತ್ರೆಯಲ್ಲಿ (ಕೆ.ಆರ್. ನಗರದ ಕಡೆ, ಸಂಕ್ರಾಂತಿ ಆಸುಪಾಸಿನಲ್ಲಿ ನಡೆಯುವ ದನಗಳ ಜಾತ್ರೆ) ಹಳ್ಳಿಕಾರ್ ಎತ್ತು ಕೊಳ್ಳುವವರು ತೊಡೆ, ಹೆಗಲು ತಡವಿ ನೋಡುತ್ತಾರೆ. ಮಂಡಿಯ ಕೆಳಗೆ ಮಾಂಸ ಹುಡುಕುವವರು ಯಾರೂ ಇಲ್ಲ. ಯಾಕಂದ್ರೆ ಅಲ್ಲಿ ಇರೋದೇ ಇಲ್ಲ. ಓಡುವ ಪ್ರಾಣಿಗಳ ದಪ್ಪ ಸ್ನಾಯುಗಳೆಲ್ಲ ಮೈಗೆ ಅಂಟಿಕೊಂಡು ಮೇಲಿರುತ್ತವೆ, ಅಲ್ಲಿಂದ ಉದ್ದನೆ ಹುರಿಗಳು ಗೊರಸಿನ ತನಕ ಇಳಿಯುತ್ತವೆ. ಕಾಲಿನ ತುದಿ ಹಗುರ ಇದ್ದಷ್ಟೂ ಬೀಸುವುದು ಸುಲಭ.

ಮತ್ತೆ ಅಪ್ಪನ ಮಂಡಿಗೆ ಬರೋಣ.

ಬಗ್ಗದೆ ಇರುವುದಕ್ಕೆ ಎರಡು ಕಾರಣ ಅಂದರು ಮೇಡಂ. ಒಂದು, ಕೀಲಿನ ಸುತ್ತ ಬೆಳೆದುಕೊಂಡ ಅಂಟು. ಇನ್ನೊಂದು ಸ್ನಾಯುವಿನದ್ದೇ. ಪ್ರತಿ ಎಳೆಯೂ ಸಾರ್ಕೋಮಿಯರ್ ಅನ್ನುವ ಕಣ್ಣಿಗೆ ಕಾಣದ ತುಣುಕುಗಳ ಸರಪಳಿ. ಒಂದೊಂದು ತುಣುಕು ಮಿಲಿಮೀಟರಿನ ಸಾವಿರದಲ್ಲಿ ಎರಡೂವರೆ ಭಾಗದಷ್ಟು. ಹತ್ತು ಸೆಂಟಿಮೀಟರ್ ಎಳೆಯಲ್ಲಿ ಹತ್ತಿರ ಹತ್ತಿರ ನಲವತ್ತು ಸಾವಿರ. ಕಾಲನ್ನು ನೇರ ಚಾಚಿ ಪ್ಲಾಸ್ಟರ್ ಹಾಕಿದಾಗ ತೊಡೆಯ ಮುಂದಿನ ಸ್ನಾಯುಗಳು ಗಿಡ್ಡವಾಗಿರುವ ಸ್ಥಿತಿಯಲ್ಲೇ ಕೂತುಬಿಡುತ್ತವೆ. 'ಇಷ್ಟು ಉದ್ದ ಈಗ ಬೇಡವಲ್ಲ' ಅಂತ ದೇಹ ಸರಪಳಿಯಿಂದ ಕೊಂಡಿಗಳನ್ನು ಕಳಚಿ ಹಾಕುತ್ತೆ. ಎಂಥ ಜಿಪುಣ ನೋಡಿ, ದಿನಸಿ ಲೆಕ್ಕ ಇಟ್ಟ ಹಾಗೆ. 1972ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಬೆಕ್ಕುಗಳ ಕಾಲಿಗೆ ಹೀಗೆ ಪ್ಲಾಸ್ಟರ್ ಹಾಕಿ ಎಣಿಸಿದ್ದರು. ಗಿಡ್ಡ ಸ್ಥಿತಿಯಲ್ಲಿಟ್ಟ ಸೋಲಿಯಸ್‌ನಲ್ಲಿ ನಾಲ್ಕು ವಾರಕ್ಕೆ ನೂರಕ್ಕೆ ನಲವತ್ತು ಕೊಂಡಿಗಳು ಮಾಯ. ಹಿಗ್ಗಿಸಿ ಇಟ್ಟದ್ದರಲ್ಲಿ ಹೊಸ ಕೊಂಡಿಗಳು ಸೇರಿಕೊಂಡಿದ್ದವು.

ನನಗೆ ನಿದ್ದೆ ಬರಿಸಿದ್ದು ಆ ಪ್ರಯೋಗದ ಮುಂದಿನ ಭಾಗ. ಪ್ಲಾಸ್ಟರ್ ತೆಗೆದ ಮೇಲೆ ನಾಲ್ಕು ವಾರದಲ್ಲಿ ಆ ಕೊಂಡಿಗಳು ವಾಪಸ್ಸು ಬಂದಿದ್ದವು.

ಬೆಕ್ಕಿಗೆ ನಾಲ್ಕು ವಾರ. ಅಪ್ಪನಿಗೆ? ಆಗ ಅವನಿಗೆ ಐವತ್ತೊಂಬತ್ತು. ವಯಸ್ಸಾದ ಹಾಗೆ ಎಳೆಗಳು ಸಪೂರ ಆಗುವುದಷ್ಟೇ ಅಲ್ಲ, ಅವುಗಳ ಉದ್ದವೂ ಕಡಿಮೆ ಆಗುತ್ತೆ, ಓರೆ ಕೋನವೂ ಕಡಿಮೆ ಆಗುತ್ತೆ. ಬಲವೂ ಹೋಯಿತು, ಚಲನೆಯೂ ಹೋಯಿತು. ನಾನಿರೋದು ಬೆಂಗಳೂರು, ತಂಗಿ ಮದುವೆಯಾಗಿ ಹೋಗಿದ್ದಾಳೆ. ಇರುವುದು ಒಂದು ಬ್ಯಾರನ್, ಅದರ ಲೈಸೆನ್ಸು ಅಪ್ಪನ ಹೆಸರಲ್ಲಿ. ಕೂಲಿಯವರನ್ನೇ ಇಟ್ಟು ಎಲ್ಲಾ ಮಾಡಿಸಿದರೆ ಕೈಗೆ ಏನೂ ಉಳಿಯಲ್ಲ. ಹೊಗೆಸೊಪ್ಪು ಬಿಟ್ಟು ಬೇರೆ ಏನಾದ್ರೂ ಹಾಕು ಅಂತ ನಾನು ಮೊದಲಿಂದಲೂ ಹೇಳುತ್ತಿದ್ದವನು. ಆದರೆ ಮಂಡಿ ಮುರಿದುಕೊಂಡು ಕೂತವನ ಮುಂದೆ ಅದೇ ಮಾತನ್ನು ಎತ್ತುವುದಕ್ಕೆ ನಾಲಿಗೆ ಬರಲಿಲ್ಲ.

ಅಕ್ಟೋಬರ್ 5ಕ್ಕೆ ಆ ವರ್ಷದ ಜಂಬೂಸವಾರಿ. ಟಿವಿ ಮುಂದೆ ಅಪ್ಪ ಕಾಲು ಚಾಚಿಕೊಂಡು ಕೂತಿದ್ದ. ಅಭಿಮನ್ಯು ಅಂಬಾರಿ ಹೊತ್ತು ಬರುತ್ತಿದ್ದ. ನಮ್ಮ ಕಡೆಯವರಿಗೆ ದಸರಾ ಆನೆಗಳು ನೆಂಟರಿದ್ದ ಹಾಗೆ. ಅಭಿಮನ್ಯು ಮತ್ತಿಗೋಡು ಶಿಬಿರದವನು. ಅರ್ಜುನ ಎಚ್.ಡಿ. ಕೋಟೆಯ ಬಳ್ಳೆ ಶಿಬಿರದವನು. ಗಜಪಯಣ ಹೊರಡುವುದು ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಿಂದ. ಅಪ್ಪ ಇದ್ದಕ್ಕಿದ್ದ ಹಾಗೆ ಕೇಳಿದ: "ಅರ್ಜುನುಂಗೆ ಯಾಕ್ಲಾ ಅಂಬಾರಿ ಬುಡುಸ್ಬುಟ್ರು?"

"ಅರವತ್ತು ದಾಟ್ತಲ್ಲ ಅಪ್ಪ. ಅರವತ್ತಾದ ಆನೆಗೆ ಭಾರ ಹೊರಿಸಂಗಿಲ್ಲ ಅಂತ ರೂಲ್ಸು."

ಅಪ್ಪ ಏನೂ ಮಾತಾಡಲಿಲ್ಲ. ಅವ್ವ ಒಳಗಿನಿಂದ ಕಾಫಿ ತಂದಳು.

ಅಂಬಾರಿಯ ತೂಕ 750 ಕೆಜಿ. ಅಭಿಮನ್ಯು ಐದು ಸಾವಿರ ಕೆಜಿಗೂ ಮೇಲೆ. ಅಂದರೆ ತನ್ನ ತೂಕದ ನೂರಕ್ಕೆ ಹದಿನೈದರಷ್ಟು ಹೊರುತ್ತಾನೆ. ನಮ್ಮೂರಲ್ಲಿ ಅರವತ್ತು ಕೆಜಿಯ ಆಳು ಐವತ್ತು ಕೆಜಿ ಗೊಬ್ಬರದ ಮೂಟೆ ಹೊತ್ತು ಗದ್ದೆಗೆ ಹೋಗುತ್ತಾನಲ್ಲ, ಹಾಗಾದರೆ ಆನೆಗಿಂತ ಅವನೇ ಬಲಶಾಲಿಯಾ? ಇಲ್ಲೂ ಅದೇ ಅಡ್ಡ ವಿಸ್ತೀರ್ಣದ ಆಟ. 1638ರಲ್ಲೇ ಗೆಲಿಲಿಯೋ ಬರೆದಿಟ್ಟಿದ್ದಾನೆ. ಯಾವುದನ್ನಾದರೂ ಅದೇ ಆಕಾರದಲ್ಲಿ ಎರಡು ಪಟ್ಟು ದೊಡ್ಡದು ಮಾಡಿದರೆ ತೂಕ ಎಂಟು ಪಟ್ಟು ಆಗುತ್ತೆ, ಅಡ್ಡ ವಿಸ್ತೀರ್ಣ ನಾಲ್ಕೇ ಪಟ್ಟು. ಅರವತ್ತು ಕೆಜಿಯ ಮನುಷ್ಯನನ್ನು ಐದು ಸಾವಿರ ಕೆಜಿಗೆ ಊದಿಸಿದರೆ ತೂಕ ಎಂಬತ್ತಮೂರು ಪಟ್ಟು, ಬಲ ಹತ್ತೊಂಬತ್ತು ಪಟ್ಟು ಮಾತ್ರ. ಈ ಒರಟು ಲೆಕ್ಕದ ಪ್ರಕಾರ ಅಂಬಾರಿ ಹೊರುವುದು ಅಂದರೆ ನಾವು ನೀವು ಸುಮಾರು ನಲವತ್ತು ಕೆಜಿ ಹೊತ್ತ ಹಾಗೆ. ಹೊತ್ತುಕೊಂಡು ಅರಮನೆಯಿಂದ ಬನ್ನಿಮಂಟಪಕ್ಕೆ ಐದು ಕಿಲೋಮೀಟರ್, ಅದೂ ಆ ಜನ, ಆ ಗಲಾಟೆಯ ನಡುವೆ. ಜತೆಗೆ ಸ್ವಂತ ಮೈಭಾರ ಬೇರೆ. ಅದಕ್ಕೇ ಆನೆಯ ಕಾಲು ಕಂಬದ ಹಾಗಿರೋದು. ಮೂಳೆಯ ಮೇಲೆ ಮೂಳೆ ನೇರಕ್ಕೆ ಕೂತರೆ ಭಾರ ಮೂಳೆಗೆ ಹೋಗುತ್ತೆ, ಸ್ನಾಯುವಿಗೆ ಕೆಲಸ ಕಡಿಮೆ. ನೀವೂ ಮಂಡಿ ಅರ್ಧ ಬಗ್ಗಿಸಿ ಎರಡು ನಿಮಿಷ ನಿಂತು ನೋಡಿ, ತೊಡೆ ನಡುಗೋಕೆ ಶುರುವಾಗುತ್ತೆ. ನೇರ ಮಾಡಿದ ಕೂಡಲೇ ಅಬ್ಬಾ ಅನ್ನಿಸುತ್ತೆ. ಆನೆ ಆ 'ಅಬ್ಬಾ'ದಲ್ಲೇ ಜೀವನ ಮಾಡುತ್ತೆ.

ಅಂಬಾರಿ ಹೊರುವ ಆನೆಗೆ ಒಂದೇ ದಿನ 750 ಕೆಜಿ ಹೊರಿಸಲ್ಲ. ವಾರಗಟ್ಟಲೆ ಮರಳಿನ ಮೂಟೆ ಕಟ್ಟಿ, ಮೂಟೆ ಹೆಚ್ಚಿಸುತ್ತಾ, ಆಮೇಲೆ ಮರದ ಅಂಬಾರಿ ಕಟ್ಟಿ ತಾಲೀಮು ಮಾಡಿಸುತ್ತಾರೆ. ಮೇಡಂ ಅಪ್ಪನಿಗೆ ಬರೆದುಕೊಟ್ಟ ಚೀಟಿಯೂ ಮರಳಿನ ಮೂಟೆಯದ್ದೇ. ಮೊದಲ ವಾರ ಮಂಡಿಯ ಕೆಳಗೆ ಟವೆಲ್ ಸುರುಳಿ ಇಟ್ಟು ಅದನ್ನು ಒತ್ತುವುದು. ಆಮೇಲೆ ಜಗಲಿಯ ಅಂಚಿನಲ್ಲಿ ಕೂತು ಕಾಲನ್ನು ಜೋತುಬಿಟ್ಟು ಅದರ ಭಾರಕ್ಕೇ ಬಗ್ಗಲು ಬಿಡುವುದು. ಆಮೇಲೆ ಗೋಡೆಗೆ ಒರಗಿ ಸ್ವಲ್ಪ ಸ್ವಲ್ಪವೇ ಕೆಳಗೆ ಜಾರುವುದು. "ಏಳುವುದಕ್ಕಿಂತ ಕೂರುವುದು ಮುಖ್ಯ, ನಿಧಾನಕ್ಕೆ ಕೂತ್ಕೊಳ್ಳಿ ಯಜಮಾನ್ರೇ" ಅಂತ ಹತ್ತು ಸಲ ಹೇಳಿದರು. ನಿಧಾನಕ್ಕೆ ಇಳಿಯುವಾಗ ಸ್ನಾಯು ಹಿಗ್ಗುತ್ತಲೇ ಬಿಗಿ ಹಿಡಿಯಬೇಕು, ಎಳೆ ಉದ್ದವಾಗಲು ಅದೇ ಒಳ್ಳೇ ವ್ಯಾಯಾಮವಂತೆ.

ಅಪ್ಪ ಅತ್ತ. ಇದನ್ನು ಬರೆದರೆ ಅವನಿಗೆ ಇಷ್ಟ ಆಗಲ್ಲ, ಅವನು ಓದುವುದೂ ಇಲ್ಲ ಬಿಡಿ. ಎಪ್ಪತ್ತು ಡಿಗ್ರಿ ದಾಟಿಸುವಾಗ ನೋವಿಗೆ ಜಗಲಿ ಕಂಬ ಹಿಡಿದುಕೊಂಡು ಅತ್ತ. ಅವ್ವ ದಿನಾ ಬೆಳಿಗ್ಗೆ ತರಕಾರಿ ಹೆಚ್ಚುತ್ತಾ ಎಣಿಸುತ್ತಿದ್ದಳು, ಒಂದು, ಎರಡು, ಮೂರು...

ಆ ದಿನಗಳಲ್ಲಿ ಅತ್ತೆ ಕೆ.ಆರ್. ನಗರದಿಂದ ನೋಡೋಕೆ ಬಂದಿದ್ದಳು. ಕೆ.ಆರ್. ನಗರ ಅಂದರೆ ಭತ್ತದ ಕಣಜ, ಅತ್ತೆ ನಾಟಿಯಲ್ಲಿ ಎತ್ತಿದ ಕೈ. ಮಂಡಿ ಬಗ್ಗಿಸದೆ ಸೊಂಟದಿಂದ ಮಡಿಸಿಕೊಂಡು ಬೆಳಿಗ್ಗೆಯಿಂದ ಸಂಜೆ ತನಕ ಪೈರು ನೆಡುವವಳು. "ನಂಗೆ ಬಗ್ಗಿದ್ರೆ ನೋವಿಲ್ಲ ಕನೋ, ಎದ್ದು ನಿಂತಾಗ್ಲೇ ಸೊಂಟ ಮುರುದೋಗದು" ಅಂದಳು. ಇದಕ್ಕೂ ಉತ್ತರ ಇದೆ. ಪೂರ್ತಿ ಬಗ್ಗಿದಾಗ ಬೆನ್ನಿನ ಉದ್ದ ಸ್ನಾಯುಗಳು ಕೆಲಸವನ್ನೇ ನಿಲ್ಲಿಸಿಬಿಡುತ್ತವೆ, ಮೈಭಾರವೆಲ್ಲ ಬೆನ್ನುಮೂಳೆಯ ಕಟ್ಟುಗಳ ಮೇಲೆ ಜೋತುಬೀಳುತ್ತೆ. ಗಂಟೆಗಟ್ಟಲೆ ಹಾಗೇ ಜೋತುಬಿದ್ದ ಕಟ್ಟುಗಳು ಸಡಿಲವಾಗುತ್ತವೆ. ಎದ್ದಾಗ ಸ್ನಾಯುಗಳು ಮತ್ತೆ ಹೊಣೆ ಹೊರಬೇಕು, ಆಗ ಚೀರಾಡುತ್ತವೆ. ಅತ್ತೆಗೆ ಇದನ್ನೆಲ್ಲ ವಿವರಿಸಿದೆ. "ಅಂಗಾರೆ ನಾಟಿ ನಿಂತ್ಕಂಡು ಮಾಡಾದ ಕಂಡುಡೀರಪ್ಪ, ಓದ್ದೋರು" ಅಂದಳು. ಸರಿಯಾದ ಮಾತು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆನೆಯ ವಿಷಯ ಬಂದ ಮೇಲೆ ಸೊಂಡಿಲಿನ ಬಗ್ಗೆ ಹೇಳದೆ ಬಿಟ್ಟರೆ ಹೇಗೆ! ಅಲ್ಲಿ ಮೂಳೆಯೇ ಇಲ್ಲ. ಎಳೆಯಲು ಮೂಳೆ ಇಲ್ಲದಿದ್ದರೆ ಸ್ನಾಯು ಏನನ್ನು ಎಳೆಯುತ್ತೆ? ಇನ್ನೊಂದು ಸ್ನಾಯುವನ್ನು. ಸೊಂಡಿಲಿನಲ್ಲಿ ಉದ್ದುದ್ದ ಹೋಗುವ ಎಳೆಗಳಿವೆ, ನಡುವಿನಿಂದ ಹೊರಕ್ಕೆ ಚಕ್ರದ ಕಡ್ಡಿಗಳ ಹಾಗೆ ಹೋಗುವ ಎಳೆಗಳಿವೆ, ಓರೆಯಾಗಿ ಸುತ್ತಿಕೊಂಡು ಹೋಗುವ ಎಳೆಗಳಿವೆ. ಸ್ನಾಯು ಕುಗ್ಗಿದರೂ ಅದರ ಗಾತ್ರ ಬದಲಾಗುವುದಿಲ್ಲ, ಆಕಾರ ಮಾತ್ರ ಬದಲಾಗುತ್ತೆ (1667ರಲ್ಲೇ ಡೆನ್ಮಾರ್ಕಿನ ನೀಲ್ಸ್ ಸ್ಟೆನ್ಸನ್ ರೇಖಾಗಣಿತ ಹಾಕಿ, ಊದಿದ ಹಾಗೆ ಕಾಣುವ ಸ್ನಾಯುವಿನ ಗಾತ್ರ ಹೆಚ್ಚಬೇಕಾಗಿಲ್ಲ ಅಂತ ತೋರಿಸಿದ್ದ). ನೀರು ತುಂಬಿದ ಪ್ಲಾಸ್ಟಿಕ್ ಕವರನ್ನು ನಡುವೆ ಹಿಸುಕಿದರೆ ಉದ್ದ ಆಗುತ್ತಲ್ಲ, ಹಾಗೆ ಅಡ್ಡ ಎಳೆಗಳು ಬಿಗಿದರೆ ಸೊಂಡಿಲು ಚಾಚುತ್ತೆ. ಉದ್ದ ಎಳೆಗಳು ಒಂದೇ ಪಕ್ಕ ಬಿಗಿದರೆ ಆ ಕಡೆಗೆ ಬಾಗುತ್ತೆ. ಓರೆ ಎಳೆಗಳು ಬಿಗಿದರೆ ತಿರುಚಿಕೊಳ್ಳುತ್ತೆ. ಮೂಗಿನ ಹೊಳ್ಳೆಗಳ ಗೋಡೆಯನ್ನು ಹಿಗ್ಗಿಸಿ ಒಳಗಿನ ಜಾಗವನ್ನು ನೂರಕ್ಕೆ ಅರವತ್ತರಷ್ಟು ದೊಡ್ಡದು ಮಾಡಿಕೊಂಡು ನೀರು ಹೀರಬಲ್ಲದು ಅಂತ 2021ರಲ್ಲಿ ಅಳೆದರು. 2023ರಲ್ಲಿ ಬರ್ಲಿನ್ನಿನ ತಂಡವೊಂದು ಏಷ್ಯಾದ ಆನೆಮರಿಯೊಂದರ ಸೊಂಡಿಲನ್ನು ಸ್ಕ್ಯಾನ್ ಮಾಡಿ ಎಣಿಸಿದಾಗ ಸಿಕ್ಕ ಎಳೆಕಟ್ಟುಗಳು ಸುಮಾರು ತೊಂಬತ್ತು ಸಾವಿರ. ತುದಿಯ ಆ ಒಂದು ಬೆರಳಿನ ಕಡೆ ಕಟ್ಟುಗಳು ಸಣ್ಣ ಸಣ್ಣವಾಗುತ್ತಾ, ಒತ್ತೊತ್ತಾಗುತ್ತಾ ಹೋಗುತ್ತವೆ. ಅದಕ್ಕೇ ಮರದ ದಿಮ್ಮಿ ಎತ್ತುವ ಸೊಂಡಿಲು, ಕುಸುರೆ ಬಿಚ್ಚಿ ಕೆಳಗೆ ಬಿದ್ದ ಭತ್ತವನ್ನೂ ಗುಡಿಸಿ ಎತ್ತಿಕೊಳ್ಳುತ್ತೆ. ನಮ್ಮಲ್ಲೂ ಇಂಥದ್ದು ಒಂದಿದೆ, ಹೆಚ್ಚು ದೂರ ಹುಡುಕಬೇಡಿ. ಎಲುಬಿಲ್ಲದ ನಾಲಿಗೆ! ಅದೂ ಇದೇ ಉಪಾಯದಲ್ಲೇ ಹೊರಳೋದು.

2023ರ ಡಿಸೆಂಬರ್ 4ಕ್ಕೆ ಅರ್ಜುನ ತೀರಿಕೊಂಡ. ಸಕಲೇಶಪುರ ತಾಲ್ಲೂಕಿನ ಯಸಳೂರಿನ ಕಾಡಿನಲ್ಲಿ, ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ, ಒಂಟಿ ಸಲಗದ ಜತೆ ಕಾದಾಡಿ. ಎಂಟು ದಸರಾ ಅಂಬಾರಿ ಹೊತ್ತವನು, 2012ರಿಂದ 2019ರ ತನಕ. ಅರವತ್ತು ದಾಟಿದವನಿಗೆ ಅಂಬಾರಿ ಬೇಡ, ಆದರೆ ಮದವೇರಿದ ಸಲಗದ ಎದುರು ನಿಲ್ಲಬಹುದು, ಇದು ಯಾವ ನ್ಯಾಯ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಅಂಬಾರಿ ಒಂದು ನಿಂತ ಭಾರ. ಸಲಗ ತಳ್ಳುತ್ತೆ, ತಿರುಗುತ್ತೆ, ಅದಕ್ಕೆ ಬೇಕಾದ ವೇಗ ಬೇರೆ. ಅವತ್ತು ಅಪ್ಪ ಫೋನ್ ಮಾಡಿದ್ದ. "ಅರ್ಜುನ ವೋಗ್ಬುಟ್ಟ ಕಲಾ" ಅಂದ. ಆಮೇಲೆ ಮಾತು ಬರಲಿಲ್ಲ ಅವನಿಗೆ. ಮಾವುತ ಗೋಳಾಡುತ್ತಿದ್ದುದನ್ನು ಟಿವಿಯಲ್ಲಿ ನೋಡಿದ್ದನಂತೆ.

ಅಷ್ಟೊತ್ತಿಗೆ ಅಪ್ಪನಿಗೂ ಅರವತ್ತಾಗಿತ್ತು. ಮಂಡಿ? ಕುರ್ಚಿಗೆ ಬೇಕಾದ ತೊಂಬತ್ತು ಡಿಗ್ರಿ ಎರಡೂವರೆ ತಿಂಗಳಿಗೆ ಬಂತು. ಕುಕ್ಕರಗಾಲಿಗೆ ಐದು ತಿಂಗಳು. ಈಗ ಬಲಗಾಲು 135, ಎಡಗಾಲು 145, ಅಲ್ಲಿಗೆ ನಿಂತಿದೆ. ತೊಡೆಯ ಸುತ್ತಳತೆಯಲ್ಲಿ ಇನ್ನೂ ಒಂದು ಸೆಂಟಿಮೀಟರ್ ಬಾಕಿ. ಬೆಕ್ಕಿಗೆ ನಾಲ್ಕು ವಾರ ಅಂದಿದ್ದೆನಲ್ಲ, ನಮ್ಮ ಬೆಕ್ಕಿಗೆ ಒಂದು ವರ್ಷವೇ ಹಿಡಿಯಿತು.

2023ರ ಬೆಳೆಯಲ್ಲಿ ಬ್ಯಾರನ್ ತುಂಬುವಾಗ ಅವನು ನೆಲದ ಮೇಲೇ ನಿಂತು ಕಡ್ಡಿ ಎತ್ತಿಕೊಡುತ್ತಿದ್ದ. ಅದು ಭುಜದ ಕೆಲಸ, ಮೀನಖಂಡದ ಕೆಲಸ, ಮಂಡಿಗೆ ಅಷ್ಟು ತೊಂದರೆಯಿಲ್ಲ. ಮುಂದಿನ ಬೆಳೆಗೆ ನಾನು ರಜೆ ಹಾಕಿ ಹೋಗಿದ್ದೆ. ಕಡ್ಡಿ ಎಣಿಸಿಕೊಡುವುದಷ್ಟೇ ನನಗೆ ಕೊಟ್ಟ ಕೆಲಸ. ಒಳಗೆ ಕತ್ತಲು, ಹಸಿ ಎಲೆಯ ಘಾಟು, ಕೈಯೆಲ್ಲ ಅಂಟಂಟು. ಪಕ್ಕದ ಮನೆಯ ಹುಡುಗರಿಬ್ಬರು ಮೇಲೆ ಹತ್ತಿದ್ದರು. ನಾನು ಹೊರಗಿನಿಂದ ಒಂದು ಹೊರೆ ಕಡ್ಡಿ ತರುವಷ್ಟರಲ್ಲಿ ಅಪ್ಪ ಲುಂಗಿ ಎತ್ತಿ ಕಟ್ಟಿಕೊಂಡು ಎರಡನೇ ತೊಲೆಯ ಮೇಲಿದ್ದ. ಒಂದೊಂದು ತೊಲೆಗೆ ಒಂದೊಂದು ಕಾಲು. ಬಗ್ಗಿ ಕಡ್ಡಿ ತಗೊಳ್ಳುವಾಗ ನಿಧಾನ, ಮೇಡಂ ಹೇಳಿಕೊಟ್ಟಷ್ಟೇ ನಿಧಾನ. ಏಳುವಾಗ ಮಂಡಿಚಿಪ್ಪಿನ ಮೇಲೆ ಒಳಪಕ್ಕದಲ್ಲಿ ಹನಿಯ ಆಕಾರದ ಉಬ್ಬು ಎದ್ದು ನಿಲ್ಲುತ್ತಿತ್ತು. ಎಡಗಾಲಿನಷ್ಟು ಇಲ್ಲ, ಆದರೆ ಇತ್ತು. ನಾನು ಬಾಗಿಲಲ್ಲೇ ನಿಂತುಬಿಟ್ಟೆ.

ಅವ್ವ ನನ್ನ ಹಿಂದಿನಿಂದ ಬಗ್ಗಿ ನೋಡಿ, "ಇಳ್ಕಳಿ, ಸಾಕು" ಅಂದಳು.

"ಇನ್ನೊಂದ್ ಇಪ್ಪತ್ ಕಡ್ಡಿ ಅವೆ" ಅಂದ ಅಪ್ಪ. "ನಿಂತ್ಕಂಡು ನೋಡ್ತೀಯಲ್ಲೋ, ಎತ್ಕೊಡ್ಲಾ."